ಬಾಯಿ ತೆರೆದ ತಲೆಗಳು

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಹೆಬ್ಬೆರಳ ಗಾತ್ರದ ಗೊಂಬೆಗಳ ಮುಖಕ್ಕೆ ಬಣ್ಣ ಹಚ್ಚುವವರು. ಅವರು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಸೀಸದ ಎರಕದಿಂದ ಸಿಪಾಯಿಗಳು, ರಾಣಿಯರು, ಮೀನು ಮಾರುವವರು ತಯಾರಾಗುತ್ತಿದ್ದರು. ದುಡ್ಡಿದ್ದವರು ಕೊಂಡು ಗಾಜಿನ ಕಪಾಟಿನಲ್ಲಿಟ್ಟು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ತಲೆಗಳು ಮಾತ್ರ ಮುಂಡದಿಂದ ಬೇರೆಯಾಗಿ, ಒಂದೊಂದು ಗುಂಡುಸೂಜಿಯ ಮೇಲೆ ಕೂತು, ಟ್ರೇ ತುಂಬ ಮೇಷ್ಟ್ರ ಮೇಜಿಗೆ ಬರುತ್ತಿದ್ದವು. ಯಾವ ತಲೆ ಯಾವ ಮೈಗೆ ಹೋಗುತ್ತದೆ ಎಂದು ಅವರು ಕೇಳಿದವರೇ ಅಲ್ಲ. "ಮುಖ ಸರಿಯಾಗಿದ್ರೆ ಕಂಬಕ್ಕೆ ಅಂಟಿಸಿದ್ರೂ ಮನುಷ್ಯ ಆಗ್ತಾನೆ" ಎನ್ನುವ ಜಂಬ.

ಜಂಬಪಡುವಂಥ ಕೆಲಸವೇ ಬಿಡಿ. ಎಣ್ಣೆಬಣ್ಣವನ್ನು ಮೊದಲು ರಟ್ಟಿನ ಮೇಲೆ ಹಿಂಡಿ, ಹೆಚ್ಚಾದ ಎಣ್ಣೆಯನ್ನು ರಟ್ಟು ಹೀರುವ ತನಕ ಬಿಡುತ್ತಿದ್ದರು. ಇಲ್ಲದಿದ್ದರೆ ಮುಖ ಬೆವರಿದ ಹಾಗೆ ಮಿರಮಿರ ಹೊಳೆಯುತ್ತದೆ. ತಲೆಗೆಲ್ಲ ಕಂದು ಬಳಿದು ಒಣ ಕುಂಚದಲ್ಲಿ ಒರೆಸಿದರೆ ಕಣ್ಣಿನ ಗುಳಿ, ಮೂಗಿನ ಪಕ್ಕ, ತುಟಿಯ ಸಂದಿಯಲ್ಲಷ್ಟೇ ಕಂದು ಉಳಿಯುತ್ತದೆ. ಅದರ ಮೇಲೆ ಬಿಳಿ, ಮಣ್ಣುಹಳದಿ, ಚೂರೇ ಚೂರು ಕೆಂಪು. ಎಣ್ಣೆಬಣ್ಣ ಬೇಗ ಒಣಗದ ಕಾರಣ ಒಂದನ್ನು ಇನ್ನೊಂದರೊಳಗೆ ಕರಗಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಮೇಷ್ಟ್ರು ಕೊನೆಗೊಮ್ಮೆ ಕೆನ್ನೆಯ ಮೇಲೆ ಕುಂಚದ ತುದಿ ಆಡಿಸಿದರೆ, ಸೀಸದೊಳಗೆ ರಕ್ತ ಹರಿಯಿತೇನೋ ಅನ್ನಿಸುತ್ತಿತ್ತು.

ಕೈ ಎಷ್ಟು ಮೃದುವೋ ನಾಲಿಗೆ ಅಷ್ಟೇ ಕೊಳಕು. ಎದುರು ಮೇಜಿನಲ್ಲಿ ಗೊಂಬೆಗಳ ಉಡುಪಿಗೆ ಬಣ್ಣ ಹಚ್ಚುವ ಹೆಂಗಸಿಗೆ ಬಟ್ಟೆಯಮ್ಮ ಎಂದು ಹೆಸರಿಟ್ಟವರು ಅವರೇ. ಅವಳು ಒಮ್ಮೆ ಆಸೆಪಟ್ಟು ಒಂದು ಮುಖ ಮಾಡಿ ತಂದು ತೋರಿಸಿದಳು. ಮೇಷ್ಟ್ರು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಇದೇನಮ್ಮ, ಮುಖಾನೋ ಬೇಯಿಸಿದ ಗೆಣಸೋ?" ಎಂದು ಬಣ್ಣ ತೊಳೆಯುವ ಟರ್ಪೆಂಟೈನ್ ಡಬ್ಬಿಗೆ ಹಾಕಿಬಿಟ್ಟರು. ಕಾರ್ಖಾನೆಗೆ ಕಾರ್ಖಾನೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು, ಪಾಪ, ಇನ್ನೇನು ಮಾಡಿಯಾಳು.

ಕಿಟಕಿ ಪಕ್ಕದ ಆ ಕುರ್ಚಿಯೇ ಮೇಷ್ಟ್ರ ಜೀವ. ಹೆಂಡತಿ ಹೋದ ಮೇಲೆ ಮಗಳ ಮನೆ ಸೇರಿದ್ದರು. ಕುರ್ಚಿ ಇರುವ ತನಕ ತಾನು ದುಡಿಯುವ ಗಂಡಸು, ಅದು ಹೋದ ದಿನ ಅಳಿಯನ ಮನೆಯ ಮೂಲೆಯಲ್ಲಿ ಬಿದ್ದಿರುವ ಮುದುಕ. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಣ್ಣಿಗೆ ಪೊರೆ ಬಂತು. ಬಂತು ಎಂದು ತಿಳಿದಿದ್ದರೆ ಬೇರೆ ಮಾತು. ಅದು ಕಳ್ಳನ ಹಾಗೆ ಬಂತು. ಲೋಕವೆಲ್ಲ ಸ್ವಲ್ಪ ಸ್ವಲ್ಪವಾಗಿ ಹಳದಿಗೆ ತಿರುಗಿತು. ಬೇರೆ ಯಾರಾದರೂ ಆಗಿದ್ದರೆ ಕಣ್ಣುಜ್ಜಿಕೊಳ್ಳುತ್ತಿದ್ದರು. ಮೇಷ್ಟ್ರು ಬಿಳಿ ಬಣ್ಣದ ಟ್ಯೂಬನ್ನು ಬೈದರು. "ಕಂಪನಿಯೋರು ಬಿಳೀಲೂ ಹಳದಿ ಬೆರೆಸೋಕೆ ಶುರು ಮಾಡಿದಾರೆ, ಕಲಬೆರಕೆ ನನ್ಮಕ್ಳು" ಎಂದು, ತಮ್ಮ ಮಿಶ್ರಣದಲ್ಲಿ ಹಳದಿ ಇಳಿಸಿದರು, ಸರಿಹೋಗಲೆಂದು ಒಂದು ಚುಕ್ಕಿ ನೀಲಿ ಏರಿಸಿದರು. ಅವರ ಕಣ್ಣಿಗೆ ಸರಿಹೋಯಿತು. ಉಳಿದವರ ಕಣ್ಣಿಗೆ ಟ್ರೇ ತುಂಬ ಹೆಣದ ತಲೆಗಳು.

ಮೊದಲು ಕಂಡದ್ದು ಬಟ್ಟೆಯಮ್ಮನಿಗೆ. ಅವಳು ಮೇಷ್ಟ್ರಿಗೆ ಹೇಳಲಿಲ್ಲ. ನೇರ ಯಜಮಾನನ ಹತ್ತಿರ ಟ್ರೇ ಒಯ್ದಳು. ಯಜಮಾನ ಒಂದು ತಲೆಯನ್ನು ಬೆಳಕಿಗೆ ಹಿಡಿದು ನೋಡಿದ, ಬೈಗುಳ ಬಾಯಿಯವರೆಗೆ ಬಂತು, ಅಲ್ಲೇ ನಿಂತಿತು. ಗೊಂಬೆಗಳನ್ನು ಜೋಡಿಸಿ ಮಾಡುವ ಯುದ್ಧಭೂಮಿಯ ದೃಶ್ಯವೊಂದಕ್ಕೆ ಆರ್ಡರ್ ಬಂದಿತ್ತು, ನೆಲದ ತುಂಬ ಸತ್ತ ಸಿಪಾಯಿಗಳು ಬೇಕಾಗಿದ್ದರು.

ಅಂದಿನಿಂದ ಜೀವಂತ ಮುಖಗಳು ಒಳಕೋಣೆಯಲ್ಲಿ ಬಟ್ಟೆಯಮ್ಮನ ಕೈಗೆ, ಬಾಯಿ ತೆರೆದ ತಲೆಗಳು ಮೇಷ್ಟ್ರಿಗೆ. "ಏನಿದು, ಎಲ್ಲರೂ ಬಾಯಿ ಬಿಟ್ಟಿದಾರೆ?" ಎಂದು ಮೇಷ್ಟ್ರು ಕೇಳಿದರೆ, "ಘೋಷಣೆ ಕೂಗ್ತಾ ನುಗ್ತಿದಾರೆ ಮೇಷ್ಟ್ರೇ" ಎಂದ ಯಜಮಾನ. ದೃಶ್ಯ ಭರ್ಜರಿ ಹೆಸರು ಮಾಡಿತು, ಇನ್ನಷ್ಟು ಆರ್ಡರ್ ಬಂದವು. ಎಲ್ಲರೂ ಮೇಷ್ಟ್ರ ಬೆನ್ನು ತಟ್ಟಿದ್ದೇ ತಟ್ಟಿದ್ದು. ಮೇಷ್ಟ್ರು ಬೀಗಿದರು. ಬೆನ್ನ ಹಿಂದೆ ಕಿಸಕ್ಕೆಂದು ನಕ್ಕವರಿಗೆ ಲೆಕ್ಕವಿಲ್ಲ.

ಹೀಗಿರುವಾಗ ಮೊಮ್ಮಗಳ ಹುಟ್ಟುಹಬ್ಬ ಬಂತು. ಅವಳದೇ ಒಂದು ಗೊಂಬೆ ಮಾಡಿಕೊಡಬೇಕೆಂದು ಮೇಷ್ಟ್ರು ಒಂದು ಹುಡುಗಿಯ ಎರಕ ಕೇಳಿ ತೆಗೆದುಕೊಂಡರು. ಎಷ್ಟೋ ದಿನ ಅದೇ ಮುಖದ ಮೇಲೆ ಬಗ್ಗಿ ಕೂತರು. ಗಲ್ಲದ ಗುಳಿ ಬಂತು, ಹುಬ್ಬಿನ ಓರೆ ಬಂತು, ಅಚ್ಚು ಅವಳೇ. ಬಟ್ಟೆಯಮ್ಮ ತಾನಾಗಿಯೇ ಕೆಂಪು ಫ್ರಾಕು ಹಚ್ಚಿಕೊಟ್ಟಳು, ನೆರಿಗೆ ನೆರಿಗೆಯೂ ಎಣಿಸುವ ಹಾಗೆ. ಮೇಷ್ಟ್ರ ಮನಸ್ಸು ಅಂದು ಕರಗಿತ್ತು. ಜನ್ಮದಲ್ಲಿ ಮೊದಲ ಬಾರಿ ಅವಳನ್ನು ಕೇಳಿದರು.

"ಮುಖ ಹೇಗಿದೆಯಮ್ಮ? ಮುಲಾಜು ಬೇಡ, ನಿಜ ಹೇಳು."

ಅವಳು ಗೊಂಬೆಯನ್ನು ನೋಡಿದಳು, ಮುದುಕನ ಮಂಜು ಕಣ್ಣನ್ನೂ ನೋಡಿದಳು. ಒಂದು ಮಾತು ಸಾಕಿತ್ತು. ಆ ಮಾತು ಅವಳ ನಾಲಿಗೆ ತುದಿಗೂ ಬಂದಿತ್ತು.

"ಜೀವ ತುಂಬಿ ತುಳುಕ್ತಿದೆ ಮೇಷ್ಟ್ರೇ," ಎಂದಳು.

ಮನೆಯಲ್ಲಿ ಮಗು ಕಾಗದ ಬಿಚ್ಚಿ, ಗೊಂಬೆ ನೋಡಿ, ತಾತನ ಮುಖ ನೋಡಿತು. "ತಾತ, ನಾನ್ಯಾಕೆ ಸತ್ತುಹೋಗಿದೀನಿ?"

"ಬಿಡ್ತು ಅನ್ನೇ!" ಎಂದು ಮಗಳು ಓಡಿಬಂದು ಗೊಂಬೆ ಕಸಿದುಕೊಂಡು ನೋಡಿದಳು. "ಅಪ್ಪಾ, ಏನಿದು? ಕೂಸಿನ ಮುಖಕ್ಕೆ ಹೀಗಾ ಬಣ್ಣ ಬಳಿಯೋದು? ನಿಮಗೇನಾಗಿದೆ?"

ಮೇಷ್ಟ್ರು ಬಿಡಲಿಲ್ಲ. ಮಗುವನ್ನು ದೀಪದ ಕೆಳಗೆ ನಿಲ್ಲಿಸಿ, ಗೊಂಬೆಯನ್ನು ಅದರ ಕೆನ್ನೆಗೆ ಒತ್ತಿ ಹಿಡಿದರು. "ನೋಡೇ, ಒಂದೇ ಬಣ್ಣ ಅಲ್ವಾ? ಒಂದೇ ಅಲ್ವಾ?" ಮಗು ಅಳತೊಡಗಿತು. ಅಳಿಯ ಅವರ ಕೈ ಬಿಡಿಸಿ, ಮೆಲ್ಲಗೆ, "ಮಾವ, ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ," ಎಂದ. ಎರಡೂ ತಮ್ಮ ಕಣ್ಣಿಗೆ ಒಂದೇ ಥರ ಕಾಣುತ್ತಿರುವುದೇ ಭಯಂಕರ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು.

ಡಾಕ್ಟರು ಧೈರ್ಯ ಹೇಳಿದರು. ಪೊರೆ ತೆಗೆದರೆ ಎಲ್ಲ ಮೊದಲಿನಂತೆ, ಮುಂದಿನ ವಾರವೇ ಬನ್ನಿ ಎಂದರು. ಮೇಷ್ಟ್ರು ಹಗುರಾಗಿ, ಅಳಿಯನನ್ನು ಕೆಲಸಕ್ಕೆ ಕಳಿಸಿ, ಅಲ್ಲಿಂದಲೇ ಕಾರ್ಖಾನೆಗೆ ಹೋದರು. ಯಜಮಾನನ ಮುಂದೆ ಕೈಮುಗಿದು, "ಇಷ್ಟು ದಿನ ಕೆಟ್ಟ ಕೆಲಸ ಕೊಟ್ಟಿದೀನಿ, ಕ್ಷಮಿಸಿ. ಆಪರೇಷನ್ ಆಗ್ಲಿ, ಎಲ್ಲಾ ತಿದ್ದಿಕೊಡ್ತೀನಿ," ಎಂದರು.

ಯಜಮಾನ ನಗಲಿಲ್ಲ. ಒಳಗೆ ಕರೆದೊಯ್ದು ಸಿದ್ಧವಾಗಿದ್ದ ಯುದ್ಧಭೂಮಿ ತೋರಿಸಿದ. ಕೆಸರಿನಲ್ಲಿ ಸಾಲು ಸಾಲು ಹೆಣ, ಬಾಯಿ ತೆರೆದವರೇ ಎಲ್ಲ.

"ಇವ್ರನ್ನ ನಿಮ್ಮ ಹಾಗೆ ಮಾಡೋರು ಯಾರೂ ಇಲ್ಲ ಮೇಷ್ಟ್ರೇ. ಜೀವ ಇರೋ ಮುಖಕ್ಕೆ ಈಗ ಬಟ್ಟೆಯಮ್ಮ ಇದಾಳೆ, ಚೆನ್ನಾಗೇ ಮಾಡ್ತಾಳೆ. ಕಣ್ಣು ಸರಿ ಮಾಡಿಸ್ಕೊಳ್ಳಿ, ನಾನ್ಯಾಕೆ ಬೇಡ ಅನ್ಲಿ? ಆಮೇಲೆ ಮನೇಲಿ ಆರಾಮಾಗಿರಿ."

ಪಕ್ಕದ ಮೇಜಿನಲ್ಲಿ ಬಟ್ಟೆಯಮ್ಮ ಒಂದು ರಾಣಿಯ ಕೆನ್ನೆಗೆ ಕೆಂಪು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಮೇಷ್ಟ್ರು ಹೊರಗೆ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ರಟ್ಟಿನ ಮೇಲೆ ಬಿಳಿ ಹಿಂಡಿದರು.

ಸಂಜೆ ಮಗಳು ಬಾಗಿಲಲ್ಲೇ ಕೇಳಿದಳು, "ಆಪರೇಷನ್ ಯಾವತ್ತಂತೆ ಅಪ್ಪ? ಇವರಿಗೆ ರಜ ಹಾಕ್ಬೇಕಲ್ಲ."

ಚಪ್ಪಲಿ ಬಿಡುತ್ತ ಮೇಷ್ಟ್ರು ಹೇಳಿದರು: "ಮುಂದಿನ ವಾರ ಬೇಡ್ವಂತೆ. ಡಾಕ್ಟ್ರು ಆಮೇಲೆ ಫೋನ್ ಮಾಡಿದ್ರು. ಪೊರೆ ಇನ್ನೂ ಬಲೀಬೇಕಂತೆ."