ದಮ್ ಎಂಬ ಮಾತಿಗೆ ಸೋತವರು

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಮಷಿನ್ನಿನ ಹತ್ತಿರ ಹೆಣ್ಣುಮಕ್ಕಳಾದ ನಮ್ಮ ಜೊತೆ ದುಡಿಯುತ್ತಿದ್ದ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. "ಮಾತಿಗೆ ಒಂದೇ ಮನಿ ಇರೂದಿಲ್ಲ ಬೇಟಿ" ಎನ್ನುತ್ತ ಟವೆಲ್ಲಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಧೂಳು ಏಳದಂತೆ ಕಲ್ಲಿನ ಮೇಲೆ ಬಿಡುತ್ತಿದ್ದ ನೀರು ದಂಡವೆಂದು ಮಾಲಕ ನಲ್ಲಿ ಬಂದ್ ಮಾಡಿಸಿದ ಮೇಲೆ ಮಷಿನ್ನಿನ ಒಂದು ಕಡೆ ಧೂಳು ಹೊಗೆಯಂತೆ ಏಳುತ್ತಿತ್ತು. ಆ ಕಡೆ ಯಾರು ನಿಲ್ಲಬೇಕೆಂದು ದಿನಾ ಮುಂಜಾನೆ ಆಟವಾಡುತ್ತಿದ್ದೆವು. ಒಂದು ಮಾತಿಗೆ ಸರದಿಯಂತೆ ಅರ್ಥ ಹೇಳಬೇಕು; ಹೊಳೆಯದವರು ಸೋತಂತೆ. 'ದಮ್' ಎಂದಾಗ ಚಾಚಾ, "ಫಾರ್ಸಿಯೊಳಗ ಉಸುರು, ತೆಲುಗಿನೊಳಗ ಧೈರ್ಯ, ಬಿರಿಯಾನಿಗೆ ಮುಚ್ಚಿದ ಹಬಿ, ನಮ್ಮ ಕಡಿ ಉಬ್ಬಸ" ಎಂದು ಎಲ್ಲರನ್ನೂ ಸೋಲಿಸಿದ್ದರು.

ನನಗೆ ಕೆಮ್ಮು ಹತ್ತಿದ ವಾರ ಅದೇ ಮಾತನ್ನು ಮತ್ತೆ ಕೊಟ್ಟೆ. ಚಾಚಾ ಗಡ್ಡ ಕೆರೆದುಕೊಂಡು, "ನೆನಪಾಗವಲ್ದು, ಸೋತೆ" ಎಂದು ಧೂಳಿನ ಕಡೆ ಹೋದರು. ಮರುದಿನವೂ ಸೋತರು. ಎರಡು ವರ್ಷ ಸೋತರು. "ಚಾಚಾಗ ವಯಸ್ಸಾತು" ಎಂದು ನಾನೇ ನಕ್ಕಿದ್ದೆ. ನನ್ನ ಕೆಮ್ಮು ಕೇಳಿ ಬೇಕೆಂದೇ ಸೋಲುತ್ತಿದ್ದರೆಂದು, ಅವರು ಉಬ್ಬಸದಿಂದ ತೀರಿಕೊಂಡ ದಿನ ಅವರ ಹೆಂಡತಿ ಹೇಳಿದರು. ನನ್ನನ್ನು ಒಂದು ಮಾತು ಕೇಳಲಿಲ್ಲವೆಂದು ಚಾಚಾನ ಮೇಲೂ ಸಿಟ್ಟಿದೆ.

ಮಣ್ಣಾದ ಮರುದಿನ ಮಾಲಕ ಅವರ ಮನೆ ಮುಂದೆ ನಿಂತು, "ಪಾಪ, ಬೀಡಿ ಚಟ ಭಾಳ ಇತ್ತೇನೋ" ಎಂದ.

"ಬೀಡಿ ಮುಟ್ಟಿದವರಲ್ರಿ ಸಾವ್ಕಾರ್ರ. ನೀರು ಬಂದ್ ಮಾಡಿಸಿದವರು ನೀವು" ಎಂದೆ.

"ನಾಳಿಂದ ನೀ ಕೆಲಸಕ್ಕ ಬರಬ್ಯಾಡ."

"ನಲ್ಲಿ ಬಿಡೂತನಾ ಯಾರೂ ಬರೂದಿಲ್ರಿ."

ನನ್ನ ಹಿಂದೆ ನಿಂತಿದ್ದ ಮಷಿನ್ನಿನ ಕೆಲಸದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಕದಲಲಿಲ್ಲ.