ಕಿತ್ತಳೆ ಬಣ್ಣದ ಡ್ರೈವರ್

ನನ್ನ ಕೈಗೆ ಹೊಂದುವುದಿಲ್ಲ ಎಂದು ಕಂಡವರೆಲ್ಲ ಹೇಳಿದ ಒಂದು ಡಿಸ್ಕನ್ನು ನಾನು ನಾಲ್ಕು ವರ್ಷ ಬಿಡದೆ ಎಸೆದಿದ್ದೇನೆ. ನಾಲ್ಕು ವರ್ಷವೂ ಅದು ಎಡಕ್ಕೇ ಹೋಗಿದೆ. ಇದನ್ನು ಒಪ್ಪಿಕೊಳ್ಳಲು ನನಗೀಗ ನಾಚಿಕೆಯಿಲ್ಲ. ಇದಕ್ಕಿಂತ ದೊಡ್ಡ ನಾಚಿಕೆಯೊಂದು ಬಂದು ಮನೆ ಮಾಡಿಕೊಂಡಿರುವುದರಿಂದ ಚಿಕ್ಕದಕ್ಕೆ ಜಾಗ ಸಾಲುತ್ತಿಲ್ಲ.

ಡಿಸ್ಕ್ ಗಾಲ್ಫ್ ಎಂಬ ಆಟವನ್ನು ನೀವು ನೋಡಿರಲಿಕ್ಕಿಲ್ಲ. ಗಾಲ್ಫಿನಂತೆಯೇ, ಆದರೆ ಕೋಲು ಚೆಂಡುಗಳಿಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ. ದೂರದಲ್ಲಿ ಒಂದು ಕಬ್ಬಿಣದ ಕಂಬ, ಅದರ ಸುತ್ತ ಇಳಿಬಿಟ್ಟ ಸರಪಳಿ, ಸರಪಳಿಯ ಕೆಳಗೆ ಬುಟ್ಟಿ. ತಟ್ಟೆ ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು; ಯಾರು ಕಡಿಮೆ ಎಸೆತದಲ್ಲಿ ಬೀಳಿಸುತ್ತಾರೋ ಅವರು ಗೆದ್ದರು. ಹತ್ತಿರದಿಂದ ಎಸೆಯಲು ದಪ್ಪ ಅಂಚಿನ ಪಟರ್, ಮಧ್ಯದ ದೂರಕ್ಕೆ ಮಿಡ್‌ರೇಂಜ್, ಬಹು ದೂರಕ್ಕೆ ಚೂಪು ಅಂಚಿನ ಡಿಸ್ಟೆನ್ಸ್ ಡ್ರೈವರ್. ನಮ್ಮ ಮನೆಯಲ್ಲಿ ಕಾರಿಲ್ಲ. ನನ್ನ ಹೆಂಡತಿ ಗಿರಿಜಾ ಅಕ್ಕಪಕ್ಕದವರಿಗೆ, "ನಮ್ಮನೇಲಿ ಕಾರಿಲ್ಲ ಕಣ್ರೀ, ಡ್ರೈವರ್ ಮಾತ್ರ ಇದ್ದಾನೆ. ಅವನಿಗೂ ದಾರಿ ಗೊತ್ತಿಲ್ಲ" ಎಂದು ಹೇಳುತ್ತಿದ್ದಳು.

ಇಂಥ ಆಟ ನನ್ನಂಥವನ ಕೈಗೆ ಬಂದದ್ದು ಆರ್ಡರ್ ಕ್ಯಾನ್ಸಲ್ ಆದದ್ದರಿಂದ. ಪೀಣ್ಯದ ಒಂದು ಫ್ಯಾಬ್ರಿಕೇಷನ್ ಯೂನಿಟ್ಟಿನಲ್ಲಿ ನಾನು ಕ್ವಾಲಿಟಿ ನೋಡುವವನು. ವೆಲ್ಡಿಂಗ್ ಆದ ಮಾಲು ನನ್ನ ಮೇಜಿಗೆ ಬರುತ್ತದೆ. ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಕೆಂಪು ಚಾಕಿನಲ್ಲಿ ಒಂದು ಗೆರೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಯಾರೋ ಒಬ್ಬರು ಒಂಬತ್ತು ಬುಟ್ಟಿ ಮಾಡಿಕೊಡಿ ಎಂದು ಡ್ರಾಯಿಂಗ್ ಕಳಿಸಿದ್ದರು. ಸರಪಳಿ ಸರಿಯಾಗಿ ಹಿಡಿಯುತ್ತದೋ ನೋಡಲು ಮೂರು ಡಿಸ್ಕುಗಳನ್ನೂ ಜೊತೆಗೆ ಕೊಟ್ಟಿದ್ದರು. ಬುಟ್ಟಿಗಳು ತಯಾರಾದವು, ಅವರು ಬರಲೇ ಇಲ್ಲ. ವರ್ಷವಾದ ಮೇಲೆ ನಮ್ಮ ಮಾಲೀಕರು, "ಯಾರಾದ್ರೂ ಎತ್ತಾಕ್ಕೊಂಡ್ ಹೋಗ್ರಪ್ಪಾ, ಅಂಗಳದಲ್ಲಿ ಜಾಗ ಇಲ್ಲ" ಅಂದುಬಿಟ್ಟರು.

ಎತ್ತಿಕೊಂಡು ಹೋದವರು ನಾನು ಮತ್ತು ಬಸಪ್ಪ. ಬುಟ್ಟಿಗಳನ್ನು ಬೆಸೆದವನು ಅವನೇ. ಬಾಗಲಕೋಟೆ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ಮಾದನಾಯಕನಹಳ್ಳಿಯಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದ. ಅವನ ರೂಮಿನ ಹಿಂದೆ, ಗೋಡೌನುಗಳ ಸಾಲು ಮುಗಿದಲ್ಲಿ, ಕೋರ್ಟಿನ ತಕರಾರಿನಿಂದ ಯಾರೂ ಮುಟ್ಟದ ಬಯಲೊಂದಿತ್ತು. ಲಂಟಾನದ ಪೊದೆ, ನಾಲ್ಕಾರು ಜಾಲಿ, ಮೇಯುವ ಎಮ್ಮೆಗಳು. ಅಲ್ಲಿ ಒಂಬತ್ತು ಬುಟ್ಟಿಗಳನ್ನೂ ನೆಟ್ಟೆವು. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಿಬ್ಬರದೇ ಆಟ.

ಮೂರು ಡಿಸ್ಕುಗಳಲ್ಲಿ ನಾನು ಕಿತ್ತಳೆ ಬಣ್ಣದ ಡ್ರೈವರನ್ನು ಆರಿಸಿಕೊಂಡೆ. ಯಾಕೆ ಎಂದು ಕೇಳಿದರೆ, ವರ್ನಿಯರ್ ಇಟ್ಟು ಅಳೆದು ನೋಡಿದ್ದೆ. ಸುತ್ತಲೂ ಒಂದೇ ಅಳತೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೇರೆಯವರು ರೂಪ ನೋಡಿ ಮರುಳಾಗುತ್ತಾರೆ, ನಾನು ಅಳತೆ ನೋಡಿ ಮರುಳಾದೆ. ಅದರ ಮೇಲೆ ನಾಲ್ಕು ಅಂಕಿಗಳಿದ್ದವು. ಮೊದಲನೆಯದು ವೇಗ, ಹದಿಮೂರು. ಎರಡನೆಯದು ಎಷ್ಟು ಹೊತ್ತು ತೇಲುತ್ತದೆ ಎಂಬುದು. ಮೂರನೆಯದು ಹೊರಟಾಗ ಎಷ್ಟು ಬಲಕ್ಕೆ ವಾಲುತ್ತದೆ, ನಾಲ್ಕನೆಯದು ಕೊನೆಯಲ್ಲಿ ಎಷ್ಟು ಎಡಕ್ಕೆ ತಿರುಗುತ್ತದೆ ಎಂಬುದು. ಬಸಪ್ಪ ತೆಗೆದುಕೊಂಡ ಮಿಡ್‌ರೇಂಜಿನ ವೇಗ ಬರೀ ಐದು. ಹದಿಮೂರನ್ನು ಕೈಯಲ್ಲಿ ಹಿಡಿದವನು ಐದನ್ನು ಹಿಡಿದವನನ್ನು ಹೇಗೆ ನೋಡುತ್ತಾನೋ ಹಾಗೆ ನಾನು ಬಸಪ್ಪನನ್ನು ನೋಡಿದೆ.

ಹದಿಮೂರು ಎಂಬುದು ಡಿಸ್ಕಿನ ವೇಗವಲ್ಲ, ಅದು ನಮ್ಮ ಕೈಯಿಂದ ಕೇಳುವ ವೇಗ ಎಂದು ತಿಳಿದದ್ದು ಆಮೇಲೆ. ಅಷ್ಟು ವೇಗ ಕೊಟ್ಟರೆ ಅದು ಮೊದಲು ಕೊಂಚ ಬಲಕ್ಕೆ ವಾಲಿ, ನೆಟ್ಟಗಾಗಿ, ಬಹು ದೂರ ತೇಲಿ, ಕೊನೆಯಲ್ಲಿ ಎಡಕ್ಕೆ ತಿರುಗಿ ಕೂರುತ್ತದೆ. ಕೊಡದಿದ್ದರೆ ಮೊದಲಿನದು ಯಾವುದೂ ಆಗುವುದಿಲ್ಲ. ಹೊರಟ ಕ್ಷಣದಿಂದ ಕೊನೆಯದನ್ನೇ ಮಾಡುತ್ತದೆ. ಸುತ್ತುವ ವಸ್ತುಗಳ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ನಮ್ಮಲ್ಲಿ ಬ್ಲೋವರಿನ ರೆಕ್ಕೆಗಳನ್ನು ತಿರುಗಿಸಿ ತೂಕ ಸರಿಮಾಡುತ್ತೇವೆ. ವೇಗವಾಗಿ ತಿರುಗುವಾಗ ಯಾವ ರೆಕ್ಕೆಯಾದರೂ ಸಭ್ಯವಾಗಿಯೇ ಕಾಣುತ್ತದೆ. ನಿಧಾನವಾಗಿ ನಿಲ್ಲುವಾಗ ಭಾರವಿರುವ ಕಡೆ ಕೆಳಗೆ ಬಂದು ತನ್ನ ನಿಜ ತೋರಿಸುತ್ತದೆ. ಇಷ್ಟು ತಿಳಿದವನು ತನ್ನ ಡಿಸ್ಕು ಪ್ರತಿ ವಾರ ಅದೇ ಲಂಟಾನದ ಪೊದೆಗೆ ನುಗ್ಗುವಾಗ ಗಾಳಿಯನ್ನು ಬೈಯುತ್ತಿದ್ದ.

ಒಮ್ಮೆ ನಾವಿಬ್ಬರೂ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಹಿಡಿದು, ವೈಟ್‌ಫೀಲ್ಡಿಗೆ ಹೋದೆವು. ಅಲ್ಲಿ ಈ ಆಟ ಆಡುವವರ ಗುಂಪೊಂದಿದೆ ಎಂದು ಕೇಳಿದ್ದೆ. ಹೊಸಬರಿಗೆ ಹೇಳಿಕೊಡುತ್ತಿದ್ದ ದಿವ್ಯಾ ಎಂಬ ಹುಡುಗಿ ನನ್ನ ಎರಡು ಎಸೆತ ನೋಡಿದಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಈ ಡಿಸ್ಕ್ ನಿಮ್ಮ ಕೈಗಲ್ಲ. ಸ್ಲೋ ಇರೋದು ತಗೊಳ್ಳಿ, ಅದೇ ಜಾಸ್ತಿ ದೂರ ಹೋಗತ್ತೆ."

ಬೇಜಾರು ಮಾಡಿಕೊಂಡೆ. ಆಮೇಲೆ ಬಸಪ್ಪ ತನ್ನ ಮಿಡ್‌ರೇಂಜ್ ಎಸೆದ. ಅದೂ ನನ್ನದರ ಆಸುಪಾಸಿನಲ್ಲೇ ಬಿತ್ತು. ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿ, "ಅಣ್ಣ, ನೀವು ಫುಲ್ ಜೋರಾಗಿ ಎಸೀತಾ ಇಲ್ಲ ಅಲ್ವಾ?" ಎಂದಳು.

"ಇಲ್ರಿ ಮೇಡಂ, ನನ್ನ ಶಕ್ತಿನ ಇಷ್ಟರಿ" ಎಂದು ಅವನು ನಕ್ಕ.

ಬರುವಾಗ ಮೆಟ್ರೋದಲ್ಲಿ ನಾನು ಅವನಿಗೆ ಸಮಾಧಾನ ಹೇಳಿದೆ. ಮಣಿಕಟ್ಟನ್ನು ಹೇಗೆ ಬಳಸಬೇಕು ಎಂದು ಕಂಬ ಹಿಡಿದು ನಿಂತುಕೊಂಡೇ ತೋರಿಸಿದೆ. ಅವನು ತಲೆಯಾಡಿಸುತ್ತ ಕೇಳಿದ. ಈಗ ಅದನ್ನು ನೆನೆಸಿಕೊಂಡರೆ ಯಶವಂತಪುರದಲ್ಲೇ ಇಳಿದುಬಿಡಬೇಕಿತ್ತು ಅನ್ನಿಸುತ್ತದೆ.

ಆಟದಲ್ಲಿ ಹೆಚ್ಚಾಗಿ ಗೆಲ್ಲುತ್ತಿದ್ದವನು ನಾನೇ. ಬಸಪ್ಪ ಎಂಟನೇ ಬುಟ್ಟಿಯವರೆಗೆ ಹತ್ತಿರ ಹತ್ತಿರ ಬಂದು, ಒಂಬತ್ತರಲ್ಲಿ ಕೈಯಳತೆಯ ದೂರದಿಂದ ಸರಪಳಿ ತಪ್ಪಿಸುತ್ತಿದ್ದ. "ಏಕಾಗ್ರತೆ ಸಾಲದು ಬಸಪ್ಪ" ಎನ್ನುತ್ತಿದ್ದೆ. "ಹೌದ್ರಿ ಸಾಹೇಬ್ರ" ಎನ್ನುತ್ತಿದ್ದ.

ಹೀಗಿರುವಾಗ ನನ್ನ ಬಲಭುಜ ಹಿಡಿದುಕೊಂಡಿತು. ಮೊದಲು ಅಂಗಿಯ ತೋಳಿಗೆ ಕೈ ಹಾಕುವಾಗ ನೋವು, ಆಮೇಲೆ ತಲೆ ಬಾಚಲಾಗದು. ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗಾಗುವುದುಂಟು, ಭುಜ ಬಿಗಿದುಕೊಂಡಿದೆ, ಬಿಡಲು ವರ್ಷ ಎರಡು ವರ್ಷ ಬೇಕಾಗಬಹುದು, ಪೂರ್ತಿ ಮೊದಲಿನಂತಾಗುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು. ನಾನು ಕೇಳಿದ್ದು ಒಂದೇ: ಡಿಸ್ಕ್ ಎಸೆಯಬಹುದೇ. ಅವರು ಅದೇನೆಂದು ಕೇಳಿದರು. ವಿವರಿಸಿದೆ. ಬೇಡ ಎಂದರು.

ಎರಡು ತಿಂಗಳು ಭಾನುವಾರಗಳನ್ನು ಟಿವಿಯ ಮುಂದೆ ಕಳೆದೆ. ಕಿತ್ತಳೆ ಡಿಸ್ಕು ಬೀರುವಿನ ಮೇಲಿತ್ತು. ಒಂದು ಸಲವಾದರೂ ಅದು ಹಾರಬೇಕಾದ ಹಾಗೆ ಹಾರುವುದನ್ನು ನೋಡಲಿಲ್ಲವಲ್ಲ ಎಂಬ ಕೊರಗು. ಐವತ್ತೈದು ದಾಟಿದವನು ಒಂದು ಪ್ಲಾಸ್ಟಿಕ್ ತಟ್ಟೆಗಾಗಿ ಅತ್ತ ಎಂದರೆ ನಗುತ್ತೀರಿ. ಅಳಲಿಲ್ಲ, ಆದರೆ ಅಳುವಿನ ಹತ್ತಿರಕ್ಕೆ ಹೋಗಿ ಬಂದೆ.

ಕೊನೆಗೆ ಒಂದು ಭಾನುವಾರ ಬಸಪ್ಪನೇ ಮನೆಗೆ ಬಂದ. "ಒಗಿಯೂದ ಬ್ಯಾಡ್ರಿ, ಸುಮ್ನ ಗಾಳಿಗೆ ಬರ್ರಿ" ಎಂದು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಯಾಕೋ ಹೊರಡುವಾಗ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಒಂಬತ್ತನೇ ಬುಟ್ಟಿಯ ಆಟ ಶುರುವಾಗುವಲ್ಲಿ ನಿಂತು ಅದನ್ನು ಅವನ ಕೈಗೆ ಕೊಟ್ಟೆ.

"ಬ್ಯಾಡ್ರಿ, ಇದು ನಿಮ್ಮದು."

"ಎಸಿ. ನಾನು ನೋಡ್ಬೇಕು."

ಅವನು ಚಪ್ಪಲಿ ಬಿಟ್ಟ. ಎರಡು ಹೆಜ್ಜೆ ಅಡ್ಡಕ್ಕೆ ಇಟ್ಟು ಸೊಂಟ ತಿರುಗಿಸಿದ್ದು ಕಂಡಿತು, ಕೈ ಕಾಣಲಿಲ್ಲ. ಬಟ್ಟೆ ಹರಿದಂಥ ಒಂದು ಸದ್ದು. ಡಿಸ್ಕು ಎಮ್ಮೆಗಳ ಮೇಲೆ ಹಾದು, ಬಲಕ್ಕೆ ಕೊಂಚ ವಾಲಿ, ನೆಟ್ಟಗಾಗಿ, ಇನ್ನೇನು ಇಳಿಯುತ್ತದೆ ಅನ್ನುವಾಗ ಇಳಿಯದೆ ತೇಲುತ್ತಲೇ ಹೋಗಿ, ಗೋಡೌನಿನ ಗೋಡೆಯ ಹತ್ತಿರ ಎಡಕ್ಕೆ ತಿರುಗಿ ಬುಟ್ಟಿಯ ಬುಡದಲ್ಲಿ ಕೂತಿತು. ನಾನು ಅಲ್ಲಿಗೆ ಮುಟ್ಟಲು ಮೂರು ಎಸೆತ ಬೇಕಾಗುತ್ತಿತ್ತು.

ಸಂತೋಷವಾಗಲಿಲ್ಲ.

"ಬಸಪ್ಪ, ಇದು ಮೊದಲನೇ ಸಲ ಎಸೆದವನ ಎಸೆತ ಅಲ್ಲ."

"ಈ ಡಿಸ್ಕ್ ಮೊದಲನೇ ಸಲಾನ ರಿ. ನೀವು ಬರದಿದ್ದ ದಿನ ನಾನು ಒಬ್ಬನ ನಂದು ಜೋರ ಒಗೀತಿದ್ದೆ."

"ನಾನಿದ್ದಾಗ?"

ಅವನು ಬಗ್ಗಿ ಚಪ್ಪಲಿ ಹಾಕಿಕೊಳ್ಳತೊಡಗಿದ. ಹೇಳು ಅಂದೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಮೊದಲನೇ ವರ್ಷ ಮೂರು ಐತವಾರ ನಾನು ಗೆದ್ದಿದ್ದೆ. ಆ ಮೂರೂ ವಾರ ನನ್ನ ಮಾಲು ಭಾಳ ರಿಜೆಕ್ಟ್ ಆತು. ಮೂರನೇದಕ್ಕ ನನಗ ತಿಳೀತ್ರಿ."

"ಅದಕ್ಕೂ ಇದಕ್ಕೂ ಏನಪ್ಪಾ ಸಂಬಂಧ?"

"ಇರಲಿಕ್ಕಿಲ್ಲರಿ. ನಾಲ್ಕನೇ ಸಲ ಗೆದ್ದು ನೋಡ್ಲಿಲ್ಲ, ಅಷ್ಟ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹವಾಮಾನದ ವಿಷಯ ಹೇಳುವವನ ಹಾಗೆ ಹೇಳಿದ. ಮಳೆ ಬರುವ ಹಾಗಿದ್ದರೆ ಬಟ್ಟೆ ಒಳಗೆ ಹಾಕುತ್ತೇವಲ್ಲ, ಹಾಗೆ ಅವನು ತನ್ನ ತೋಳಿನ ಬಲವನ್ನು ನಾಲ್ಕು ವರ್ಷ ಒಳಗೆ ಹಾಕಿಟ್ಟಿದ್ದ.

ಮನೆಗೆ ಬಂದು ಗಿರಿಜಾಳಿಗೆ ಹೇಳಿದೆ. ನಾನು ಹಾಗೆ ಮಾಡುವವನಲ್ಲ ಎಂದು ಅವಳಾದರೂ ಹೇಳಲಿ ಎಂಬ ಆಸೆ. ಅವಳು ಸೊಪ್ಪು ಬಿಡಿಸುತ್ತ, "ಸೋತು ಬಂದ ಭಾನುವಾರ ನಿಮಗೆ ನನ್ನ ಸಾರಲ್ಲೂ ಉಪ್ಪು ಜಾಸ್ತಿಯಾಗಿರ್ತಿತ್ತು" ಎಂದಳು.

ಸೋಮವಾರ ಹಳೆಯ ರಿಜಿಸ್ಟರುಗಳನ್ನು ಹುಡುಕಿದೆ. ನಾಲ್ಕು ವರ್ಷ ಹಿಂದಿನವು ಗುಜರಿಗೆ ಹೋಗಿದ್ದವು. ಆ ಮೂರು ವಾರ ನಾನು ಎಳೆದ ಕೆಂಪು ಗೆರೆಗಳು ನ್ಯಾಯವಾದವೋ ಅಲ್ಲವೋ ಇನ್ನೆಂದಿಗೂ ಗೊತ್ತಾಗುವುದಿಲ್ಲ. ನೆನಪಿಸಿಕೊಳ್ಳಲು ನೋಡಿದೆ. ಬೇಕೆಂದು ಮಾಡಿದ ನೆನಪಿಲ್ಲ. ಆದರೆ ಕಣ್ಣು ಬೇಕೆಂದು ನೋಡುವುದಿಲ್ಲವಲ್ಲ. ಕಾಣುವುದನ್ನು ಕಾಣುತ್ತದೆ, ಏನು ಕಾಣಬೇಕೆಂದು ಅದಕ್ಕೆ ಹಿಂದಿನಿಂದ ಯಾರು ಹೇಳಿಕೊಡುತ್ತಾರೋ. ಬಸಪ್ಪನನ್ನು ಬಿಡಿ, ಇಪ್ಪತ್ತಾರು ವರ್ಷದಲ್ಲಿ ನನ್ನ ಮೇಜಿನ ಮುಂದೆ ಹಾದುಹೋದ ಉಳಿದವರು ಏನೇನನ್ನು ಒಳಗೆ ಹಾಕಿಟ್ಟುಕೊಂಡರೋ. ಆ ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಒಂದು ಡಿಸ್ಕು ಎಡಕ್ಕೆ ಹೋಗುತ್ತದೆಂದು ಕೊರಗುತ್ತಿದ್ದ ದಿನಗಳೇ ಎಷ್ಟೋ ಸುಖವಾಗಿದ್ದವು.

ಮುಂದಿನ ಭಾನುವಾರ ನಾನೇ ಬಸ್ಸು ಹಿಡಿದು ಬಯಲಿಗೆ ಹೋದೆ. ಎಡಗೈಯಲ್ಲಿ ಆಡುತ್ತೇನೆ, ನೀನು ಪೂರ್ತಿ ಜೋರಾಗಿ ಆಡಬೇಕು ಎಂದು ಬಸಪ್ಪನಿಗೆ ಹೇಳಿದೆ. ಡ್ರೈವರ್ ಅವನ ಕೈಯಲ್ಲೇ ಇರಲಿ ಎಂದೆ. ಅವನು ಅನುಮಾನದಿಂದ ನನ್ನ ಮುಖ ನೋಡಿ, ಮೊದಲ ಎರಡು ಬುಟ್ಟಿ ಹಳೆಯ ಹಾಗೇ ಆಡಿದ. ನಾನು ಬೈದ ಮೇಲೆ ಆಡತೊಡಗಿದ. ಹತ್ತೊಂಬತ್ತು ಎಸೆತಗಳ ಅಂತರದಿಂದ ನಾನು ಸೋತೆ.

ಸೋಮವಾರ ಅವನ ಫ್ರೇಮುಗಳು ಮೇಜಿಗೆ ಬಂದವು. ಮೊದಲ ಐದನ್ನು ಸರಿಯಾಗಿ ನೋಡದೆಯೇ ಮುಂದಕ್ಕೆ ತಳ್ಳಿದೆ. ಆಮೇಲೆ, ಇದೂ ಅದೇ ರೋಗ, ಈಗ ಇನ್ನೊಂದು ಕಡೆಗೆ ವಾಲಿದ್ದೇನೆ ಎನ್ನಿಸಿ, ಐದನ್ನೂ ವಾಪಸ್ ಎಳೆದುಕೊಂಡು ಮೊದಲಿನಿಂದ ನೋಡಿದೆ. ಎರಡಕ್ಕೆ ಕೆಂಪು ಗೆರೆ ಬಿತ್ತು. ಕೈ ನಿಂತಿತು. ಎದ್ದು ಹೋಗಿ ಬಸಪ್ಪನನ್ನು ಕರೆದೆ. ವೆಲ್ಡರನ್ನು ನನ್ನ ಮೇಜಿಗೆ ಕರೆದು ತೋರಿಸಿದ್ದು ಅದೇ ಮೊದಲು. ಪಕ್ಕದ ಲೇತಿನವರು ಕೆಲಸ ನಿಲ್ಲಿಸಿ ನೋಡಿದರು.

ಅವನು ಗ್ಲೌಸ್ ಬಿಚ್ಚಿ ಮೊದಲನೆಯದನ್ನು ಬೆಳಕಿಗೆ ತಿರುಗಿಸಿದ. "ಇದು ಖರೇನ ಖರಾಬ್ ಐತ್ರಿ. ಒಳಗ ಗಾಳಿ ಸೇರೇತಿ."

ಎರಡನೆಯದನ್ನು ಬಹಳ ಹೊತ್ತು ನೋಡಿದ. "ಇದರಾಗ ನನಗೇನೂ ಕಾಣವಲ್ದು."

"ಇಲ್ಲಿ ನೋಡು, ಗುಳ್ಳೆ" ಎಂದು ಬೆರಳಿಟ್ಟು ತೋರಿಸಿದೆ. ಅವನು ಉಗುರಿನಿಂದ ಮೆಲ್ಲಗೆ ಗೀರಿದ. ಗುಳ್ಳೆ ಕಳಚಿ ಮೇಜಿನ ಮೇಲೆ ಬಿತ್ತು. ವೆಲ್ಡಿಂಗಿನ ಕಿಡಿ ಹಾರಿ ಮೇಲೆ ಅಂಟಿಕೊಂಡಿತ್ತು, ಅಷ್ಟೇ. ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದೆ. ಬೆಸುಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಹೆಬ್ಬೆರಳಿನಿಂದ ಕೆಂಪು ಗೆರೆ ಒರೆಸಿದೆ.

"ಇನ್ಮೇಲೆ ನಾನು ಸೋತ ಮಾರನೇ ದಿನ ನೀನು ಇಲ್ಲಿ ಬಂದು ನಿಂತು ನೋಡ್ಬೇಕು" ಎಂದೆ.

ಬಸಪ್ಪ ಗ್ಲೌಸ್ ಎತ್ತಿಕೊಂಡ.

"ಹಂಗಾದ್ರ ಪ್ರತಿ ಸೋಮವಾರ ನಿಲ್ಲಬೇಕಾಗ್ತದರಿ" ಎಂದು, ಗ್ಲೌಸ್ ಹಾಕಿಕೊಂಡು ತನ್ನ ಜಾಗಕ್ಕೆ ಹೋದ.