ಲೈಟು ಹಾಕಿದ ರ‍್ಯಾಂಪು

ನನಗೆ ಯಾವುದನ್ನೂ ಬೇಗ ನಿರ್ಧರಿಸಲು ಬರುವುದಿಲ್ಲ. ಅಲ್ ಮುರಕ್ಕಬಾತಿನ ನಮ್ಮ ಮನೆಯ ಕೆಳಗಿರುವ ಹೋಟೆಲಿನಲ್ಲಿ ನೀರುದೋಸೆಯೋ ಬನ್ಸೋ ಎಂದು ನಾನು ಯೋಚಿಸುತ್ತಿರುವಷ್ಟರಲ್ಲಿ ಪಕ್ಕದ ಮೇಜಿನವರು ತಿಂದು, ಕಾಫಿ ಕುಡಿದು, ಕೈ ತೊಳೆದು ಹೋಗಿರುತ್ತಾರೆ. ಇಂಥ ನನ್ನನ್ನು ಈ ಕೊಲ್ಲಿ ದೇಶದ ಸರ್ಕಾರ ‘ಪೀಪಲ್ ಆಫ್ ಡಿಟರ್ಮಿನೇಶನ್’, ಅಂದರೆ ದೃಢನಿರ್ಧಾರದ ಜನ, ಎಂಬ ವರ್ಗಕ್ಕೆ ಸೇರಿಸಿ ಒಂದು ಕಾರ್ಡನ್ನೂ ಕೊಟ್ಟಿದೆ. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದಾಗಿ ನಾನು ಗಾಲಿಕುರ್ಚಿಯಲ್ಲಿ ಓಡಾಡುವವನು. ಅಂಥವರನ್ನು ಇಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ. ಕಾರ್ಡು ಬಂದ ದಿನ ಅದನ್ನು ಓದಿದ ನನ್ನ ಹೆಂಡತಿ ಶಾಲಿನಿ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು.

“ಡಿಟರ್ಮಿನೇಶನ್ನಾ? ನಿಮಗಾ? ಬೆಳಿಗ್ಗೆ ಯಾವ ಅಂಗಿ ಹಾಕುವುದು ಅಂತ ಸಹ ನನ್ನನ್ನೇ ಕೇಳ್ತೀರಲ್ಲ ಮಾರಾಯ್ರೆ!”

ಗಾಲಿಕುರ್ಚಿಯವನಿಗೆ ಒಂದು ಅನುಕೂಲವಂತೂ ಇದೆ. ಎಲ್ಲಿ ಹೋದರೂ ಅವನು ಕುರ್ಚಿಗಾಗಿ ಕಾಯಬೇಕಿಲ್ಲ. ಮದುವೆಯೂಟದಲ್ಲಿ ಜನ ಉಣ್ಣುವವರ ಬೆನ್ನ ಹಿಂದೆಯೇ ನಿಂತು, ಇವರ ಪಾಯಸ ಯಾವಾಗ ಮುಗಿಯುತ್ತದಪ್ಪಾ ಎಂದು ಇಣುಕುತ್ತಿರುವಾಗ ನಾನು ನನ್ನದೇ ಆಸನದಲ್ಲಿ ಹಾಯಾಗಿರುತ್ತೇನೆ. ಆದ್ದರಿಂದ ನಾಟಕ ಸಿನಿಮಾಗಳ ಟಿಕೆಟ್ ದರ ನೋಡಿದಾಗಲೆಲ್ಲ ನನಗೊಂದು ತಕರಾರು. ಟಿಕೆಟ್ ಎಂದರೆ ಕುರ್ಚಿಯ ಬಾಡಿಗೆ ತಾನೆ? ಕುರ್ಚಿ ನಾನೇ ತಂದ ಮೇಲೆ ಬಾಡಿಗೆ ಯಾತಕ್ಕೆ? ದೇರಾದಲ್ಲಿ ಅತ್ತರಿನ ಅಂಗಡಿ ಇಟ್ಟಿರುವ ನನ್ನ ಗೆಳೆಯ, ಭಟ್ಕಳದ ರಫೀಕ್, ಈ ವಾದವನ್ನು ಪೂರ್ತಿ ಒಪ್ಪುತ್ತಾನೆ. “ಗಾಡಿ ನಿಮ್ಮದೇ ಉಂಟಲ್ಲ ಸರ್! ಪಾರ್ಕಿಂಗ್ ಚಾರ್ಜ್ ಮಾತ್ರ ಕೊಡಿ, ಖಲಾಸ್!”

ಆಸನದ ದರ ಎಂಬುದೇ ವಿಚಿತ್ರ ಶಾಸ್ತ್ರ. ನಮ್ಮೂರಿನ ಟಾಕೀಸಿನಲ್ಲಿ ಪರದೆಯ ಮೂಗಿನಡಿಯ ಗಾಂಧಿ ಕ್ಲಾಸಿಗೆ ಎಲ್ಲಕ್ಕಿಂತ ಕಡಿಮೆ ದರ, ದೂರದ ಬಾಲ್ಕನಿಗೆ ಹೆಚ್ಚು. ಅದೇ ಊರಿಗೆ ಯಕ್ಷಗಾನದ ಟೆಂಟು ಬಂದರೆ ಲೆಕ್ಕ ತಿರುಗಾಮುರುಗಾ. ಮುಂದಿನ ಈಸಿಚೇರಿಗೆ ದುಬಾರಿ, ಹಿಂದಿನ ನೆಲಕ್ಕೆ ಅಗ್ಗ. ಬಹಳ ಯೋಚಿಸಿ ನಾನು ಕಂಡುಕೊಂಡ ಸತ್ಯವೇನೆಂದರೆ, ಮನುಷ್ಯರು ಪರದೆಯ ನೆರಳಿನಿಂದ ದೂರ ಕೂರಲು ದುಡ್ಡು ಕೊಡುತ್ತಾರೆ, ಮನುಷ್ಯರ ಹತ್ತಿರ ಕೂರಲೂ ದುಡ್ಡು ಕೊಡುತ್ತಾರೆ. ನನಗೆ ಮಾತ್ರ ಟೆಂಟಿನಲ್ಲಿ ಈ ಯಾವ ದರವೂ ಅನ್ವಯಿಸುತ್ತಿರಲಿಲ್ಲ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಪೆಟ್ಟಿಗೆಯೊಂದರ ಮೇಲೆ ಇಳಿಸುತ್ತಿದ್ದರು. ಕಿರೀಟ ಕಟ್ಟಿಸಿಕೊಳ್ಳುತ್ತಿದ್ದ ರಾಕ್ಷಸ ನನ್ನ ಕೆನ್ನೆ ಹಿಂಡಿ ರಂಗಸ್ಥಳಕ್ಕೆ ಹೊರಡುತ್ತಿದ್ದ.

ಇಷ್ಟೆಲ್ಲ ಯಾಕೆ ನೆನಪಾಯಿತೆಂದರೆ, ಹೋದ ಚಳಿಗಾಲದಲ್ಲಿ ನಮ್ಮ ಮದುವೆಗೆ ಇಪ್ಪತ್ತೈದು ವರ್ಷವಾಯಿತು. ಶಾಲಿನಿಗೆ ಡಿನ್ನರ್ ಶೋ ನೋಡಬೇಕೆಂಬ ಆಸೆ. ನೀವು ತಟ್ಟೆಯಲ್ಲಿ ಮೀನು ಬಿಡಿಸುತ್ತಿರುವಾಗ ನೆತ್ತಿಯ ಮೇಲೆ ಯಾರೋ ಹಗ್ಗ ಹಿಡಿದು ತೂಗುತ್ತಿರುತ್ತಾರೆ, ಅದೇ ಡಿನ್ನರ್ ಶೋ. ಹಿಂದೊಮ್ಮೆ ಅಬುಧಾಬಿಯಲ್ಲಿ ಇಂಥದ್ದಕ್ಕೆ ಹೋಗಿದ್ದೆವು. ಅಲ್ಲಿ ನನ್ನ ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಪಕ್ಕ ನಿಲ್ಲಿಸಿ, ಅವಳನ್ನು ಎಲ್ಲೋ ಮುಂದೆ, ಯಾರದೋ ಕುಟುಂಬದ ಮೇಜಿನಲ್ಲಿ ಕೂರಿಸಿದ್ದರು. ಇಡೀ ಸಂಜೆ ನಾವು ವಾಟ್ಸಾಪಿನಲ್ಲಿ ಮಾತಾಡಿಕೊಂಡೆವು. ‘ಸೂಪ್ ಬಂತಾ?’ ‘ಇಲ್ಲ, ಆದರೆ ವಾಸನೆ ಬಂತು.’

ಹಾಗಾಗಿ ಈ ಸಲ ಅವಳದು ಒಂದೇ ಷರತ್ತು.

“ಎದುರಿನ ಮೇಜು. ಒಂದೇ ಮೇಜು. ನೀವು ಒಂದು ಕಡೆ ನಾನು ಒಂದು ಕಡೆ ಅಂತಾದ್ರೆ ನನಗೆ ಶೋವೂ ಬೇಡ, ಎಂತದೂ ಬೇಡ. ಮನೆಯಲ್ಲೇ ಗಂಜಿ ಉಣ್ಣುವ.”

ಶೋ ನಡೆಯುವಲ್ಲಿಗೆ ಫೋನ್ ಮಾಡಿದೆ, ಒಬ್ಬಳು ಹುಡುಗಿ ಎತ್ತಿಕೊಂಡಳು. ಆಸನಗಳಲ್ಲಿ ಸಿಲ್ವರ್, ಗೋಲ್ಡ್, ಡೈಮಂಡ್ ಎಂದು ಮೂರು ದರ್ಜೆ. ನನ್ನ ಕಾರ್ಡಿಗೆ ಅರ್ಧ ದರದ ರಿಯಾಯಿತಿ ಇದೆಯಂತೆ, ಆದರೆ ಸಿಲ್ವರಿಗೆ ಮಾತ್ರ. ಸಿಲ್ವರ್ ಇರುವುದು ಮೇಲಿನ ಉಪ್ಪರಿಗೆಯಲ್ಲಿ, ಅಲ್ಲಿಗೆ ಲಿಫ್ಟ್ ಇಲ್ಲ! ಈ ರಿಯಾಯಿತಿಯನ್ನು ಯೋಚಿಸಿದ ಪುಣ್ಯಾತ್ಮನನ್ನು ನೋಡುವ ಆಸೆ ನನಗೆ ಈಗಲೂ ಇದೆ. ಗೋಲ್ಡಿನಲ್ಲಿ ಗಾಲಿಕುರ್ಚಿಗೆ ಜಾಗವಿದೆ, ಆದರೆ ಕಂಬದ ಹಿಂದೆ. ಉಳಿದದ್ದು ಡೈಮಂಡ್. ಅದು ಎದುರಿಗೇ ಇದೆ, ಸ್ವಲ್ಪ ತಗ್ಗಿನಲ್ಲಿ. ನನ್ನ ಗಾಲಿ ಉರುಳಲು ಇಳಿಜಾರು ಬೇಕು.

“ಅಲ್ಲಿಗೆ ರ‍್ಯಾಂಪ್ ಇದೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಆಫ್‌ಕೋರ್ಸ್ ಸರ್! ವೆರಿ ಬಿಗ್ ರ‍್ಯಾಂಪ್! ವಿತ್ ಲೈಟ್ಸ್!” ಎಂದಳು ಆ ಹುಡುಗಿ ಉತ್ಸಾಹದಿಂದ.

ನನಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಎಂಥ ದೇಶವಪ್ಪಾ, ಗಾಲಿಕುರ್ಚಿಯವನು ಎಡವಬಾರದೆಂದು ರ‍್ಯಾಂಪಿಗೂ ಲೈಟು ಹಾಕಿಸಿದ್ದಾರೆ! ದರವನ್ನು ಎರಡೆರಡು ಸಲ ಹೇಳಿಸಿಕೊಂಡೆನಾದರೂ ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಡೈಮಂಡ್ ಬುಕ್ ಮಾಡಿದೆ.

ಆ ಸಂಜೆ ಶಾಲಿನಿ ಮದುವೆಯ ರೇಷ್ಮೆ ಸೀರೆ ಉಟ್ಟಳು. ಸಭಾಂಗಣದ ಬಾಗಿಲು ದಾಟಿ ನೋಡಿದರೆ ಡೈಮಂಡಿಗೆ ಇಳಿಯಲು ಮೂರು ಮೆಟ್ಟಿಲು. ರ‍್ಯಾಂಪೂ ಇತ್ತು, ಫೋನಿನ ಹುಡುಗಿ ಸುಳ್ಳು ಹೇಳಿರಲಿಲ್ಲ. ವೇದಿಕೆಯ ನಡುವಿನಿಂದ ಹೊರಟು ಇಕ್ಕೆಲದಲ್ಲೂ ಬಣ್ಣದ ದೀಪ ಮಿನುಗಿಸುತ್ತಾ ಡೈಮಂಡ್ ಮೇಜುಗಳ ನಡುವೆ ಇಳಿಯುತ್ತಿತ್ತು. ಅದು ನರ್ತಕಿಯರು ಬಳುಕುತ್ತಾ ನಡೆದು ಬರುವ ರ‍್ಯಾಂಪು!

ಮ್ಯಾನೇಜರ್ ಒಳ್ಳೆಯ ಮನುಷ್ಯ. ಬೆವರೊರೆಸಿಕೊಳ್ಳುತ್ತಾ ಎರಡು ದಾರಿ ಹೇಳಿದ. ನಾನು ಗೋಲ್ಡಿನಲ್ಲಿ ಕೂರುವುದು, ಮೇಡಂ ಡೈಮಂಡಿನಲ್ಲಿ. ಇಲ್ಲವೇ ನಾಲ್ಕು ಜನ ನನ್ನನ್ನು ಕುರ್ಚಿಸಮೇತ ಎತ್ತಿ ಇಳಿಸುವುದು. ಎತ್ತಿಸಿಕೊಳ್ಳುವುದು ಉತ್ಸವಮೂರ್ತಿಗೆ ಚೆನ್ನ. ನನಗಾದರೆ ಅಂಗಿ ಮೇಲೇರಿ ಹೊಟ್ಟೆ ಕಾಣುತ್ತದೆ. ಶಾಲಿನಿಯ ಮುಖ ನೋಡಿದೆ. ನಗು ಮಾಯವಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಡೀರಿ, ಮನೆಗೆ ಹೋಗುವ” ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಇಪ್ಪತ್ತೈದು ವರ್ಷದಲ್ಲಿ ಅವಳು ಆಸೆಪಟ್ಟು ಕೇಳಿದ್ದು ಬಹಳ ಕಡಿಮೆ.

“ಆ ರ‍್ಯಾಂಪಿಗೆ ಹಿಂದಿನಿಂದ ದಾರಿ ಇದೆಯಾ?” ಎಂದು ಕೇಳಿದೆ.

ಮ್ಯಾನೇಜರ್ ಕಣ್ಣು ಪಿಳಿಪಿಳಿ ಮಾಡಿದ. ಸಾಮಾನು ಸಾಗಿಸುವ ಲಿಫ್ಟ್ ಇದೆ, ವೇದಿಕೆಯ ಹಿಂಬದಿಗೆ ಹೋಗುತ್ತದೆ ಎಂದ.

“ಹಾಗಾದರೆ ನಾವು ಅಲ್ಲಿಂದಲೇ ಬರುತ್ತೇವೆ. ನೀವೇ ಅಲ್ಲವೇ ಹೇಳಿದ್ದು, ರ‍್ಯಾಂಪ್ ಇದೆ ಅಂತ?”

ಶಾಲಿನಿ ನನ್ನನ್ನೇ ನೋಡಿದಳು. “ಅಬ್ಬಾ! ಕಾರ್ಡಿನಲ್ಲಿ ಬರೆದದ್ದು ಸರಿಯೇ ಉಂಟು!”

ಲಿಫ್ಟಿನಿಂದ ಹೊರಬಂದರೆ ಸಾಕ್ಷಾತ್ ಚೌಕಿ. ಕನ್ನಡಿಗಳು, ಗರಿಗಳು, ಬಣ್ಣದ ಡಬ್ಬಿಗಳು, ಅರ್ಧ ಮುಖಕ್ಕೆ ಬಂಗಾರದ ಬಣ್ಣ ಹಚ್ಚಿಕೊಂಡ ಒಬ್ಬ ದೈತ್ಯ. ಅವನು ನಮ್ಮನ್ನು ಕಂಡು ನಕ್ಕು ಪಕ್ಕಕ್ಕೆ ಸರಿದ. ಕೆನ್ನೆ ಹಿಂಡಲಿಲ್ಲ, ಅಷ್ಟೆ. ಪರದೆ ಸರಿಸಿಕೊಂಡು ನಾವು ವೇದಿಕೆಗೆ ಬಂದೆವೋ ಇಲ್ಲವೋ, ಲೈಟಿನವನು ಶೋ ಶುರುವಾಯಿತೆಂದುಕೊಂಡು ನಮ್ಮ ಮೇಲೆಯೇ ಬೆಳಕು ಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು. ಶಾಲಿನಿ ನನ್ನ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಇಳಿಸುತ್ತಲೇ ಒಂದು ಕೈ ಎತ್ತಿ ಮಹಾರಾಣಿಯ ಗತ್ತಿನಲ್ಲಿ ಬೀಸಿದಳು. ನಾನು ಬ್ರೇಕಿನ ಮೇಲೆ ಕೈಯಿಟ್ಟುಕೊಂಡು ಹಲ್ಲು ಕಿರಿದೆ. ಖುಷಿಯಾಯಿತು ನಿಜ. ಜೊತೆಗೆ, ಉಳಿದವರಂತೆ ಬಾಗಿಲಿನಿಂದ ಬಂದು ಸುಮ್ಮನೆ ಕೂತಿದ್ದರೆ ಎಷ್ಟು ಚೆನ್ನಾಗಿತ್ತು ಅಂತಲೂ ಅನ್ನಿಸಿತು.

ಮೇಜಿನಲ್ಲಿದ್ದ ಎರಡು ಕುರ್ಚಿಗಳಲ್ಲಿ ಒಂದನ್ನು ವೇಟರ್ ಎತ್ತಿಕೊಂಡು ಹೋದ. ಅದರ ಬಾಡಿಗೆ ವಾಪಸ್ ಕೇಳೋಣವೇ ಎಂದೆ. ಶಾಲಿನಿ ಬಾಯಿ ಮುಚ್ಚಿಸಿದಳು. ಆಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ, ಮಂಡಿಗೆ ಮಂಡಿ ತಾಗಿಸಿಕೊಂಡು, ಸೂಪ್ ಕುಡಿದೆವು. ನನಗೆ ಶೋ ಅಷ್ಟಾಗಿ ನೆನಪಿಲ್ಲ. ಅವಳು ಬಾಯಿಬಿಟ್ಟು ನೋಡುತ್ತಿದ್ದುದು ನೆನಪಿದೆ.

ಮರುದಿನ ಅದೇ ಹುಡುಗಿ ಫೋನ್ ಮಾಡಿ, ಎಲ್ಲ ಹೇಗಿತ್ತು, ಏನಾದರೂ ಸಲಹೆ ಇದೆಯೇ ಎಂದು ವಿಚಾರಿಸಿದಳು. ಬೈಯುವುದೋ ಹೊಗಳುವುದೋ ಎಂದು ನಾನು ಎಂದಿನಂತೆ ತೊಳಲಾಡುತ್ತಿದ್ದೆ. ಶಾಲಿನಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಇಂಗ್ಲಿಷಿನಲ್ಲಿ, ಆದರೆ ಅಪ್ಪಟ ಕುಂದಾಪುರದ ಧಾಟಿಯಲ್ಲಿ ಹೇಳಿದಳು:

“ರ‍್ಯಾಂಪ್ ಬಹಳ ಚೆಂದ ಉಂಟು. ಅಂಥದ್ದೇ ಇನ್ನೊಂದು ಬಾಗಿಲ ಹತ್ತಿರ ಹಾಕಿಸಿ. ಅದಕ್ಕೆ ಲೈಟು ಬೇಡ.”